ಸೊನ್ನೆಗೆ ಹೆದರುತ್ತಿದ್ದ ಸಾಹೇಬರು

ಗೇಟು ದಾಟಿದ ಕೂಡಲೇ ಸಾಹೇಬರ ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಹನಿಗಳು ಮೂಡುತ್ತಿದ್ದವು. ಡಿಸೆಂಬರಿನ ಬೆಳಿಗ್ಗೆ ಬಂದರಿನ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದ್ದರೂ ಅಷ್ಟೇ. ಕರ್ಚೀಫಿನಿಂದ ಒರೆಸಿಕೊಂಡು, ಎಣ್ಣೆಯ ಟ್ಯಾಂಕುಗಳನ್ನು ಒಂದೊಂದಾಗಿ ನೋಡಿ, ಆಮೇಲೆಯೇ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ಸೇಫ್ಟಿ ಆಫೀಸರೆಂದರೆ ಗಟ್ಟಿ ಗುಂಡಿಗೆಯ ಮನುಷ್ಯನೆಂದು ತಿಳಿದಿದ್ದ ನನಗೆ ಮೊದಲ ದಿನ ನಗು ಬಂದಿತ್ತು. ಇಡೀ ಯಾರ್ಡಿನಲ್ಲಿ ಅವರಷ್ಟು ಪುಕ್ಕಲರು ಇನ್ನೊಬ್ಬರಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಡಿಪ್ಲೊಮಾ ಮುಗಿಸಿದ ನಾನು ಕಾರವಾರದ ಒಂದು ಖಾಸಗಿ ಎಣ್ಣೆ ಯಾರ್ಡಿಗೆ, ಅಲ್ಲಿನ ಒಬ್ಬಳೇ ಹುಡುಗಿ, ಟೆಕ್ನಿಷಿಯನ್ ಆಗಿ ಸೇರಿದ್ದೆ. ಅಲ್ಲೇ ಫಿಟ್ಟರ್ ಆಗಿದ್ದ ನನ್ನ ಅಣ್ಣ ಆ ಕೆಲಸ ಕೊಡಿಸಿದ್ದ. ನಾವು ಅಂಕೋಲೆಯ ಕೇಣಿಯವರು. ಮೀನಿಗೆಂದು ದೋಣಿಯಲ್ಲಿ ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ನೆಲದ ಮೇಲಿನ ಕೆಲಸವೆಂಬ ಒಂದೇ ಸಮಾಧಾನಕ್ಕೆ ಅಮ್ಮ, ನಮ್ಮ ಆಯಿ, ಅಣ್ಣನನ್ನು ಬಲೆ ಬಿಡಿಸಿ ಇಲ್ಲಿಗೆ ಕಳಿಸಿದ್ದಳು.

ನೆಲದ ಮೇಲಿನ ಕೆಲಸವೇನೋ ಸರಿ. ಆದರೆ ಯಾರ್ಡಿನ ನಡುವೆ ಪಂಪು ಕೂರಿಸಿದ ಆಳವಾದ ಹೊಂಡವೊಂದಿತ್ತು. ಪಂಪು ಸೋರಿದಾಗಲೆಲ್ಲ ಏಣಿ ಇಳಿದು ರಿಪೇರಿ ಮಾಡಬೇಕಾದವನು ನನ್ನ ಅಣ್ಣ. ಎಣ್ಣೆಯ ರಾಡಿಯಿಂದ ಏಳುವ, ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಆ ಹೊಂಡದ ತಳದಲ್ಲಿ ಕೂರುತ್ತಿತ್ತು. ಅದಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ, ಕಿಡಿ ತಾಗದಿದ್ದರೂ ಮನುಷ್ಯನನ್ನು ನಿಂತಲ್ಲೇ ಕೆಡವುತ್ತದೆ. ಗ್ಯಾಸು ಹೆಚ್ಚಾದರೆ ಮೊದಲು ಸಾಯುವುದು ಮೂಗು. ವಾಸನೆಯೇ ತಿಳಿಯುವುದಿಲ್ಲ.

"ವಾಸ್ನೆ ಬಂದ್ರೆ ಅರ್ಧ ಹೆದ್ರಿ, ವಾಸ್ನೆ ಹೋದ್ರೆ ಪೂರ್ತಿ ಹೆದ್ರಿ" ಎಂದು ಸಾಹೇಬರು ಹೇಳುತ್ತಿದ್ದರು. ಗಂಡಸರೆಲ್ಲ ಬೆನ್ನ ಹಿಂದೆ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ.

ಆ ಹೊಂಡಕ್ಕೆ ಗ್ಯಾಸ್ ಡಿಟೆಕ್ಟರ್ ಕೊಳ್ಳುವ ಮಾತು ಬಂದಾಗ ಸಾಹೇಬರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹುಬ್ಬಳ್ಳಿಯಿಂದ ಬಂದ ಮಾರಾಟಗಾರನೊಬ್ಬ ಮೇಜಿನ ಮೇಲೆ ಮಿರಿಮಿರಿ ಮಿಂಚುವ ಯಂತ್ರವನ್ನಿಟ್ಟು, "ಹೆಂಗ ಒದರತೈತಿ ನೋಡ್ರಿ ಸರ್" ಎನ್ನುತ್ತ ಜೇಬಿನಿಂದ ಸಿಗರೇಟು ಲೈಟರು ತೆಗೆದು ಅದರ ಗ್ಯಾಸನ್ನು ಯಂತ್ರದ ಮೂತಿಗೆ ಬಿಟ್ಟ. ಯಂತ್ರ ಕೂಗಿತು. ಸಾಹೇಬರು ಅದಕ್ಕಿಂತ ಜೋರಾಗಿ ಕೂಗಿದರು. ಎಣ್ಣೆ ಯಾರ್ಡಿನೊಳಗೆ ಲೈಟರು! ಅವನ ಕೈ ಹಿಡಿದು ಎಳೆದುಕೊಂಡು ಗೇಟಿನಾಚೆ ರಸ್ತೆಯವರೆಗೂ ಬಿಟ್ಟು ಬಂದರು. ವಾಪಸು ಬಂದವರ ಮುಖ ಸುಣ್ಣದಂತಾಗಿತ್ತು. 

ಆಮೇಲೆ ಬಂದ ಮಾರಾಟಗಾರರಿಗೆಲ್ಲ ಅವರದು ಒಂದೇ ವರಾತ. ಇದು ಯಾವ ಗ್ಯಾಸಿಗೆ? ಇದರ ಪೆಟ್ಟಿಗೆಯೊಳಗೇ ಕಿಡಿ ಹುಟ್ಟಿದರೆ ಆ ಬೆಂಕಿ ಹೊರಗೆ ಬರದಂತೆ ತಡೆಯುತ್ತದೆಯೇ? ಫ್ಲೇಮ್‌ಪ್ರೂಫ್ ಎಂದು ಬರೆದಿದ್ದೀರಿ, ಪರೀಕ್ಷೆ ಮಾಡಿದವರು ಯಾರು? ನಮ್ಮ ಉಪ್ಪುಗಾಳಿಗೆ ಎಷ್ಟು ಮಳೆಗಾಲ ಬಾಳುತ್ತದೆ? ಕೊನೆಗೆ, "ಇದು ಒಳಗಿಂದೊಳಗೇ ಸತ್ರೆ ನಮಗೆ ಹ್ಯಾಗೆ ಗೊತ್ತಾಗ್ತದೆ?"

"ಸಾಯೂದಿಲ್ಲ ಸರ್, ಗ್ಯಾರಂಟಿ ಉಂಟು" ಎಂದ ಒಬ್ಬ.

"ಗ್ಯಾರಂಟಿ ಕಾರ್ಡ್ ಹಿಡ್ಕಂಡು ಹೊಂಡಕ್ಕೆ ಇಳೀಲಿಕ್ಕೆ ಆಗ್ತದೋ?" ಎಂದರು ಇವರು.

ಅಂತೂ ದಪ್ಪ ಉಕ್ಕಿನ, ನೋಡಲು ಕುರೂಪಿಯಾದ ಒಂದನ್ನು ಆರಿಸಿದರು. ಬಂದು ಹೋಗುವವರಿಗೆ ಕಾಣುವಂತೆ ಎತ್ತರದಲ್ಲಿ ಹಾಕಿಸಬೇಕೆಂಬುದು ಮಾಲಕರ ಆಸೆ. ಸಾಹೇಬರು ಕೇಳಲಿಲ್ಲ. ಗ್ಯಾಸು ಕೂರುವುದು ಕೆಳಗೆ, ಆದ್ದರಿಂದ ಹೊಂಡದ ತಳದಿಂದ ಮೊಳಕಾಲೆತ್ತರದಲ್ಲೇ ಹಾಕಿಸಿದರು. ವಾರಕ್ಕೊಮ್ಮೆ ಪರೀಕ್ಷೆಯ ಗ್ಯಾಸು ಹಿಡಿದು ಅದನ್ನು ಕೂಗಿಸುತ್ತಿದ್ದರು. ಅದು ಸೊನ್ನೆ ತೋರಿಸಿದರೂ ಸಾಲದು, ಕೈಯಲ್ಲಿ ಹಿಡಿಯುವ ಸಣ್ಣ ಮೀಟರನ್ನು ಹಗ್ಗ ಕಟ್ಟಿ ಇಳಿಸಿ ನೋಡದೆ ಯಾರನ್ನೂ ಕೆಳಗೆ ಬಿಡುತ್ತಿರಲಿಲ್ಲ.

ಆ ವರ್ಷದ ಮೊದಲ ಮಳೆಗೆ ಸಾಹೇಬರು ಮಗಳ ಮದುವೆಯೆಂದು ರಜೆಯಲ್ಲಿದ್ದರು. ಅವರಿಲ್ಲದ ವಾರ ಹಗ್ಗವೂ ಇಲ್ಲ, ಮೀಟರೂ ಇಲ್ಲ. ಅವರು ತಿರುಗಿ ಬಂದ ದಿನ ಬೆಳಿಗ್ಗೆ ಹೊಂಡದಿಂದ ಕೊಳೆತ ಮೊಟ್ಟೆಯ ವಾಸನೆ ಬಂದಿತ್ತು. ಅಣ್ಣ ಅಂಚಿನಲ್ಲಿ ಬಗ್ಗಿ ಪಂಪು ನೋಡುತ್ತಿದ್ದಂತೆ ವಾಸನೆ ಹೋಯಿತು. ಆಫೀಸಿನೊಳಗೆ ಡಿಟೆಕ್ಟರಿನ ಅಂಕಿ ತೋರಿಸುವ ಪ್ಯಾನೆಲ್ಲಿನಲ್ಲಿ ಸೊನ್ನೆ. ಅಣ್ಣ ಸ್ಪ್ಯಾನರು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕಾಲಿಟ್ಟ.

ನನ್ನ ಪಕ್ಕ ನಿಂತು ಪ್ಯಾನೆಲ್ ನೋಡುತ್ತಿದ್ದ ಸಾಹೇಬರು, "ಬೆಳಿಗ್ಗೆ ವಾಸ್ನೆ ಇತ್ತು ಅಂತೀರಿ. ಈ ಮಳೇಲಿ ಗಾಳಿನೂ ಇಲ್ಲ. ಸೊನ್ನೆ ಹ್ಯಾಗೆ ಬಂತು?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಮಳೆಯಲ್ಲಿ ಓಡಿದ್ದರು. ಆ ಸ್ಥೂಲ ದೇಹ ಹಾಗೆ ಓಡಬಲ್ಲುದೆಂದು ಯಾರೂ ಎಣಿಸಿರಲಿಲ್ಲ. ಅಣ್ಣನ ಕಾಲರಿಗೆ ಕೈಹಾಕಿ ಎಳೆದರು. ಇಬ್ಬರೂ ಕೆಸರಿನಲ್ಲಿ ಬಿದ್ದರು.

"ಎಂತ ಸಾಹೇಬ್ರೆ, ಮರ್ಲು ಹಿಡೀತಾ?" ಎಂದು ಅಣ್ಣ ರೇಗಿದ.

ಅವರು ನಾನು ತಂದ ಸಣ್ಣ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟರು. ಅರ್ಧ ದಾರಿಯಲ್ಲೇ ಅದು ಚೀರತೊಡಗಿತು. ಆ ಸದ್ದು ಕೇಳುತ್ತ ಅಣ್ಣ ಕೆಸರಿನಲ್ಲೇ ಕೂತುಬಿಟ್ಟ. 

ದಿನವಿಡೀ ಫ್ಯಾನಿನಿಂದ ಗಾಳಿ ಹಾಯಿಸಿ, ಮೀಟರು ಸುಮ್ಮನಾದ ಮೇಲೆ ಸಾಹೇಬರೇ ಇಳಿದು ನೋಡಿದರು. ಉಕ್ಕಿನ ಆ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ನೈಲಾನ್ ದಾರದಿಂದ ಬಿಗಿಯಾಗಿ ಕಟ್ಟಲಾಗಿತ್ತು, ಗ್ಯಾಸು ಅದರ ಮೂತಿಗೆ ತಾಗುವಂತೆಯೇ ಇರಲಿಲ್ಲ. ಸಾಹೇಬರು ರಜೆಯಲ್ಲಿದ್ದಾಗ ಕಟ್ಟಿದವನು ಅಣ್ಣನೇ. ಮಳೆಗಾಲಕ್ಕೆ ದೋಣಿ ಮೇಲೆ ಎಳೆದಾಗ ಕೇಣಿಯಲ್ಲಿ ಎಂಜಿನ್ನಿಗೆ ಕಟ್ಟುತ್ತಾರಲ್ಲ, ಅದೇ ಗಂಟು. "ನೀರು ಸಿಡೀತಿತ್ತು ಸಾಹೇಬ್ರೆ. ಅಷ್ಟು ದುಡ್ಡಿನ ಮಿಷಿನು, ತುಕ್ಕು ಹಿಡೀತದೆ ಅಂತ..." ಎಂದ. ಸಾಹೇಬರು ಬೈಯಲಿಲ್ಲ. ಚೀಲ ಬಿಚ್ಚಿ ಮಡಚಿ ಅವನ ಕೈಗೆ ಕೊಟ್ಟರು.

ಸುದ್ದಿ ಕೇಣಿಗೆ ಮುಟ್ಟಿತು. ಆಯಿ ಅಣ್ಣನನ್ನು ಮನೆಯಿಂದ ಹೊರಡಲು ಬಿಡಲಿಲ್ಲ. ಮೂರನೆಯ ದಿನ ಸಾಹೇಬರೇ ಕೊಡೆ ಹಿಡಿದು ನಮ್ಮ ಜಗಲಿಗೆ ಬಂದು ಕೂತರು. ಆಯಿ ಚಹಾ ಕೊಟ್ಟು ನೇರವಾಗಿ ಹೇಳಿದಳು: "ಕಡ್ಲು ಕೂಗ್ತದೆ. ಗಾಳಿ ಬರೂ ಮೊದ್ಲು ಬಾನ ಬಣ್ಣ ತಿರುಗ್ತದೆ. ನಿಮ್ಮ ಹೊಂಡ ಎಂತದೂ ಹೇಳೂದಿಲ್ಲ. ಇವ್ನ ಅಪ್ಪನ್ನ ಕೊಟ್ಟಾಯ್ತು, ಇವ್ನ ಕೊಡೂದಿಲ್ಲ."

"ನಂಗೂ ಹೆದ್ರಿಕೆ ಆಗ್ತದೆ ಅಮ್ಮಾ. ದಿನಾ ಆಗ್ತದೆ. ಅದ್ಕೇ ಇಳಿಸೂಕೆ ಮೊದ್ಲು ಅಷ್ಟು ಸಲ ನೋಡ್ತೆ."

"ನೀವಿಲ್ದ ದಿನ?"

 ಸಾಹೇಬರು ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ, "ಇವಳಿಗೆ ಹೆದರೂದು ಕಲಿಸ್ತೆ" ಎಂದರು.

ಕಲಿಸಿದರು. ಆ ಮಾತಿನ ಮೇಲೆಯೇ ಆಯಿ ಅಣ್ಣನನ್ನು ತಿರುಗಿ ಕೆಲಸಕ್ಕೆ ಕಳಿಸಿದ್ದಳು. ಮೀಟರನ್ನು ಮೊದಲು ಕೂಗಿಸಿ ನೋಡು, ಆಮೇಲೆ ಇಳಿಸು. ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ನೋಡು. ಯಾರು ಅವಸರ ಮಾಡಿದರೂ, ಮಾಲಕರೇ ಬಂದು ನಿಂತರೂ, ಇನ್ನೊಮ್ಮೆ ನೋಡು. ಬೇಸರ ಬಂದು ಒಮ್ಮೆ, "ಸಾಕಲ್ದಾ ಸರ್?" ಎಂದಿದ್ದೆ. "ಸಾಕು ಅನಿಸಿದ ದಿನ ಈ ಕೆಲ್ಸ ಬಿಟ್ಬಿಡು" ಎಂದರು. ಅವರು ನನ್ನೊಡನೆ ಗಡುಸಾಗಿ ಮಾತಾಡಿದ್ದು ಅದೊಂದೇ ಸಲ.

ಎರಡು ಮಳೆಗಾಲ ಕಳೆದ ಮೇಲೆ ಅವರು ನಿದ್ದೆಯಲ್ಲೇ ತೀರಿಕೊಂಡರು. ಹೃದಯ ನಿಂತಿತಂತೆ. ಆಯಿ ಕೇಣಿಯಿಂದ ಬಸ್ಸು ಹತ್ತಿ ಬಂದು ಅವರ ಕಾಲು ಮುಟ್ಟಿ ಅತ್ತಳು. ಅಣ್ಣ ಹೆಗಲು ಕೊಟ್ಟ.

ಮರುದಿನ ಪಂಪು ಸೋರಿತು.  ಮೀಟರನ್ನು ಕೂಗಿಸಿ ನೋಡಿದೆ, ಕೂಗಿತು. ಇಳಿಸಿದೆ. ಮೇಲೆ ಸೊನ್ನೆ, ನಡುವೆ ಸೊನ್ನೆ, ತಳದಲ್ಲೂ ಸೊನ್ನೆ. ಇನ್ನೊಮ್ಮೆ ಇಳಿಸಿದೆ. ಏಣಿಯ ಹತ್ತಿರ ನಿಂತಿದ್ದ ಅಣ್ಣ, "ಇಳೀಲಾ?" ಎಂದು ಕೇಳಿದ. ಅದುವರೆಗೆ ಆ ಪ್ರಶ್ನೆಯನ್ನು ಅವನು ಸಾಹೇಬರಿಗೆ ಕೇಳುತ್ತಿದ್ದ. 'ಬೇಡ' ಎನ್ನುವುದು ಎಷ್ಟು ಸುಲಭ, 'ಇಳಿ' ಎನ್ನುವುದು ಎಂಥ ಮಾತು ಎಂದು ಆ ಕ್ಷಣ ತಿಳಿಯಿತು. ಅದನ್ನು ಆ ಮನುಷ್ಯ ದಿನಾ ಹೇಳಿದ್ದರು.

"ಇಳಿ" ಎಂದೆ. ಅಣ್ಣನ ತಲೆ ಅಂಚಿನ ಕೆಳಗೆ ಮರೆಯಾಯಿತು.

"ಮಾತಾಡ್ತಾ ಇರು ಅಣ್ಣಾ."

ಅವನು ಕೆಳಗಿನಿಂದ ಪಂಪಿಗೆ ಬೈಯುತ್ತ, ಆಯಿ ಮಾಡಿಟ್ಟ ಬಂಗಡೆ ಸಾರಿನ ಸುದ್ದಿ ಹೇಳತೊಡಗಿದ. ಒಂದು ಮಾತೂ ತಲೆಗೆ ಹೋಗಲಿಲ್ಲ. ಮೀಟರಿನ ಹಗ್ಗ ಹಿಡಿದು ಅವನ ದನಿಯೊಂದನ್ನೇ ಕೇಳುತ್ತ ನಿಂತೆ.