ಬಾಣಾವರದ ಹೆಣ್ಣುಮಗಳು ಕೇಳಿದ ಪ್ರಶ್ನೆ

ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಮಾತಾಡುವುದು ನನ್ನ ಕೆಲಸ. ನಾನು ಹೆಂಗಸು ಎಂದು ನೋಡಿ ಬಾಗಿಲಲ್ಲೇ ಹಿಂಜರಿಯುವ ಗಂಡಸರು ಬಹಳ. ನಾನು ನಾಚಿಕೊಳ್ಳದಿದ್ದರೆ ಅವರ ನಾಚಿಕೆಯೂ ಕರಗುತ್ತದೆ. ಇದನ್ನು ಮೊದಲ ವರ್ಷದಲ್ಲೇ ಕಲಿತೆ.

ಹಾಗೆ ಬಾಗಿಲಲ್ಲಿ ನಿಂತವರಲ್ಲಿ ಬಾಣಾವರದ ಒಬ್ಬ ಡ್ರೈವರ್ ಇದ್ದ. ಕೊಬ್ಬರಿ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಇಲ್ಲ, ಕೂತ್ಕೊಳ್ಳಿ ಎಂದೆ. ಕೂತ.

ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂತು. ಆದರೂ ಆತ ಏಳಲಿಲ್ಲ. ಶಿಶ್ನದ ಮುಂದೊಗಲು ಬಿಗಿಯಾಗಿ ಆಗಾಗ ಸೀಳಿ ಗಾಯವಾಗುತ್ತಿತ್ತಂತೆ. ಆ ತೊಗಲನ್ನು ತೆಗೆಸಿಬಿಡಿ ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಸುನ್ನತಿಯಾದವರಿಗೆ ಎಚ್‌ಐವಿ ಬರುವುದಿಲ್ಲವೆಂದು ಜೊತೆಯ ಡ್ರೈವರ್ ಒಬ್ಬ ಹೇಳಿದ್ದನಂತೆ, ನಿಜವೇ ಎಂದು ಕೇಳಿದ. ಹೆಣ್ಣಿನಿಂದ ಗಂಡಿಗೆ ತಗಲುವ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಕಾಂಡೋಮ್ ಬೇಕೇ ಬೇಕು ಎಂದೆ.

ಆಪರೇಷನ್‌ಗೆ ಮತ್ತೇಕೆ ತಡ ಎಂದು ಕೇಳಿದರೆ, ಲಾರಿ ನಿಲ್ಲಿಸಿದರೆ ಬಾಡಿಗೆ ಬೇರೆಯವರ ಪಾಲಾಗುತ್ತದೆ ಎಂದ. ನೋವಿನ ಮಾತೆತ್ತಿದ. ಕೊನೆಗೆ ದನಿ ತಗ್ಗಿಸಿ ನಿಜವಾದ ಕಾರಣ ಹೇಳಿದ.

"ಮನೆದೇವ್ರ ಪೂಜೆ ನಂದೇ ಮೇಡಂ. ಅವ್ವಂಗೆ ಗೊತ್ತಾದ್ರೆ, ಜಾತಿ ಕೆಟ್ಟೋಯ್ತು, ಆರತಿ ಮುಟ್ಬ್ಯಾಡ ಅಂತಾಳೆ."

ಗಾಯಕ್ಕೆ ಮಾಡುವ ಚಿಕಿತ್ಸೆಗೂ ಜಾತಿಗೂ ಸಂಬಂಧವಿಲ್ಲ ಎಂದೆ. ಆತ ತಲೆಯಾಡಿಸಿದ, ಆದರೆ ಒಪ್ಪಿದಂತೆ ಕಾಣಲಿಲ್ಲ. ಇಷ್ಟವಿದ್ದರೆ ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿದೆ.

ಮುಂದಿನ ವಾರ ಇಬ್ಬರೂ ರೈಲಿನಲ್ಲಿ ಬಂದರು. ಆಕೆ ಸೆರಗು ಹೊದ್ದು ಎಲ್ಲವನ್ನೂ ಕೇಳಿಸಿಕೊಂಡಳು. ಜಾತಿಯ ಮಾತೇ ಎತ್ತಲಿಲ್ಲ, ಆಕೆ ಕೇಳಿದ್ದೇ ಬೇರೆ.

"ಇದ್ ಮಾಡಿಸ್ಕಂಡ್ರೆ, ಹೊರಗೆ ಎಲ್ಲೋದ್ರೂ ಏನೂ ಆಗಲ್ಲ ಅಂತ ಇವ್ರಿಗೆ ಧೈರ್ಯ ಬತ್ತದಲ್ವ ಮೇಡಂ?"

ಗಂಡ ನೆಲ ನೋಡಿದ. ಇಷ್ಟು ನೇರವಾಗಿ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನೂ ನೇರವಾಗಿಯೇ ಹೇಳಿದೆ: ಅಂಥ ಧೈರ್ಯ ಬಂದರೆ ಆಪರೇಷನ್ ಮಾಡಿಸಿಯೂ ಪ್ರಯೋಜನವಿಲ್ಲ. ಗಂಡನಿಗೆ ಸೋಂಕು ತಗಲಿದರೆ ಆ ಆಪರೇಷನ್ ನಿಮ್ಮನ್ನು ಕಾಯುವುದಿಲ್ಲ.

ಆಕೆ ಗಂಡನ ಕಡೆ ತಿರುಗಿದಳು. "ಗಾಯ ವಾಸಿಯಾಗ್ಲಿ ಅಂತ ಮಾಡಿಸ್ಕಳಿ. ಆ ಧೈರ್ಯಕ್ಕೆ ಅಂತ ಬ್ಯಾಡ. ಅತ್ತೆಗೆ ನಾನೇ ಹೇಳ್ತೀನಿ."

ಅಂದೇ ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟಳು. ಆಕೆಗೂ ಸೋಂಕಿರಲಿಲ್ಲ.

ಆಪರೇಷನ್ ಆಯಿತು. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದೇ ದೊಡ್ಡ ನೋವು ಎಂದು ಆಮೇಲೆ ನಕ್ಕ. ಗಾಯ ಪೂರ್ತಿ ಮಾಯುವವರೆಗೆ ಹೆಂಡತಿ ಬೇರೆ ಕೋಣೆಯಲ್ಲೇ ಮಲಗಿದಳಂತೆ. ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮುದುಕಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಾನೇ ಗಂಜಿ ಕಾಯಿಸಿ ಕೊಟ್ಟಳಂತೆ. ಕಾರ್ತಿಕದಲ್ಲಿ ಆರತಿ ಹಿಡಿದವನು ಅವನೇ.

ಈಚೆಗೆ ಬೇಲೂರಿನ ಕಡೆಯ ಇನ್ನೊಬ್ಬ ಡ್ರೈವರ್‌ನನ್ನು ಕರೆತಂದ. ಅವನಿಗೂ ಅದೇ ತೊಂದರೆ. "ಇವ್ರತ್ರ ಯಾತರ ನಾಚ್ಕೆ, ಕೂತ್ಕಳ್ಲಾ" ಎಂದು ಕೂರಿಸಿ ತಾನು ಹೊರಗೆ ಹೋದ. ಆ ಗೆಳೆಯ ಪರೀಕ್ಷೆ ಮಾತ್ರ ಮಾಡಿಸಿಕೊಂಡು, ಉಳಿದದ್ದಕ್ಕೆ ಹೆಂಡತಿಯನ್ನು ಕೇಳಬೇಕು ಎಂದ. ಕೇಳಿ, ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಬನ್ನಿ ಎಂದೆ.