ಗುರಪ್ಪ ಮಾಮಾನ ಉಡದಾರ

ಮೊನ್ನೆ ಡಾಕ್ಟರಬಾಯಿ ನನ್ನ ಸೊಂಟಕ್ಕೆ ಟೇಪು ಸುತ್ತಿ, ಅಂಕಿಯನ್ನು ಎರಡು ಸಲ ಓದಿದರು. ನನ್ನ ಮೊಮ್ಮಗಳ ವಯಸ್ಸಿನವರು. "ಅಜ್ಜಾರ, ಹೊಟ್ಟಿ ಕರಗಸ್ರಿ. ಹೊಟ್ಟಿ ಬೆಳದವರಿಗೆ ಕರಳಿನ ಬ್ಯಾನಿ ಜಾಸ್ತಿ, ಆಪರೇಶನ್ ಮಾಡೂದೂ ಕಷ್ಟ. ಮತ್ತೇನರ ತ್ರಾಸ ಐತೇನ್ರಿ?" ಎಂದರು.

"ಏನೂ ಇಲ್ಲವಾ" ಎಂದೆ. ಅದು ಸುಳ್ಳು. ಮನೆಗೆ ಬಂದು ಕಪಾಟಿನ ತಗಡಿನ ಡಬ್ಬಿ ತೆಗೆದು, ಹನ್ನೊಂದು ಬೆಳ್ಳಿ ಕೊಂಡಿಗಳನ್ನು ಮೇಜಿನ ಮೇಲೆ ಸುರುವಿಕೊಂಡು ಕೂತೆ.

ಅವು ನನ್ನ ಸೋದರಮಾವ ಗುರಪ್ಪನವರ ಸೊಂಟದ ಉಡದಾರದವು. ಐವತ್ತರ ದಶಕದ ಮೊದಲ ವರ್ಷಗಳ ಮಾತು. ತಿಕೋಂಡಿಯಲ್ಲಿ ಮಾಮಾನದು ಕಾಳುಕಡಿಯ ವ್ಯಾಪಾರ, ಮುಚ್ಚಂಡಿಯಲ್ಲಿ ನನ್ನದು ಮಾಸ್ತರಿಕೆ. ಮಾಮಾ ಗಾದಿಯ ಮೇಲೆ ಕೂತರೆ ಹೊಟ್ಟೆಗೇ ಬೇರೊಂದು ಲೋಡುದಿಂಬು ಬೇಕಾಗುತ್ತಿತ್ತು. ಎಲ್ಲರ ಪಕ್ಕೆಲುಬನ್ನೂ ದೂರದಿಂದಲೇ ಎಣಿಸಬಹುದಾಗಿದ್ದ ಸೀಮೆಯಲ್ಲಿ ಅಂಥ ಹೊಟ್ಟೆ ಊರಿಗೇ ಭೂಷಣ. ಪ್ರತಿ ದೀಪಾವಳಿಗೆ ಬೆಳ್ಳಿಬಂಗಾರದ ಕೆಲಸದ ಪತ್ತಾರ ಬಂದು, ಬೆಳೆದ ಸುತ್ತಳತೆಗೆ ತಕ್ಕಂತೆ ಉಡದಾರಕ್ಕೆ ಕೊಂಡಿ ಜೋಡಿಸುತ್ತಿದ್ದ.

"ಸಾವಕಾರ್ರ, ಈ ವರ್ಷ ಎರಡು ಹಿಡೀತಾವ್ರಿ!"

ಮಾಮಾ ವಿನಯದಿಂದ ತಲೆ ಬಾಗಿಸುತ್ತಿದ್ದರು. ಬಾಗಿಸಿದರೂ ಉಡದಾರ ಅವರಿಗೆ ಕಾಣುತ್ತಿರಲಿಲ್ಲ, ಹೊಟ್ಟೆ ಅಡ್ಡ. ಅವರ ಹೆಂಡತಿ, ನಮ್ಮ ಅತ್ತಿ, ಓಣಿಗೆಲ್ಲ ಶೇಂಗಾ ಹೋಳಿಗೆ ಹಂಚುತ್ತಿದ್ದಳು. ಆ ಮನೆಯಲ್ಲಿ ನಾಡಿ ಹಿಡಿಯುವ ಪದ್ಧತಿ ಇರಲಿಲ್ಲ. ಜ್ವರ ಬರಲಿ, ಕೆಮ್ಮು ಬರಲಿ, ಅತ್ತಿ ಉಡದಾರದೊಳಗೆ ಎರಡು ಬೆರಳು ತೂರಿಸುತ್ತಿದ್ದಳು. "ಬಿಗಿ ಐತಿ. ಚಲೋ ಅದಾರ." ಅಲ್ಲಿಗೆ ಪರೀಕ್ಷೆ ಮುಗಿಯಿತು.

ಒಂದು ಮುಂಜಾನೆ ಹೊಲದ ಬದುವಿನ ಮೇಲೆ ಮಾಮಾ ದನಿ ತಗ್ಗಿಸಿದರು. "ಮಾಸ್ತರ, ಯಾರ ಮುಂದೂ ಅನಬ್ಯಾಡ. ಬಯಲಕಡಿಗೆ ಹೋದ್ರ ರಕ್ತ ಹೊಂಟೈತಿ. ಮೂರು ತಿಂಗಳಾತು."

"ಅತ್ತಿಗೆ ಹೇಳೀರೇನು?"

"ಉಷ್ಣ ಅದು. ಹೇಳೂದೇನೈತಿ? ಬೇಕಾದ್ರ ಉಡದಾರ ನೋಡು."

ಮಕ್ಕಳಿಗೆ ಆರೋಗ್ಯದ ಪಾಠ ಹೇಳುತ್ತಿದ್ದ ನಾನು, ಓದುಗರೇ, ಎರಡು ಬೆರಳು ತೂರಿಸಿ ನೋಡಿದೆ. ಬಿಗಿ ಇತ್ತು. "ಖರೆ, ಏನಿಲ್ಲ ಬಿಡ್ರಿ" ಎಂದೆ. ಸರ್ಕಾರ ನನಗೆ ಪಗಾರ ಕೊಡುತ್ತಿದ್ದದ್ದು ಬುದ್ಧಿವಂತನೆಂದು.

ದೀಪಾವಳಿ ಇನ್ನೂ ದೂರವಿರುವಾಗಲೇ ಉಡದಾರ ಸೊಂಟವನ್ನು ಕಚ್ಚತೊಡಗಿತು. ಅತ್ತಿ ಹಿಗ್ಗಿ ಪತ್ತಾರನಿಗೆ ಹೇಳಿಕಳಿಸಿದಳು. ಅವನು ಬಂದ, ಹೊಟ್ಟೆಯ ಮೇಲೆ ಅಂಗೈ ಇಟ್ಟ, ಕೈಯಲ್ಲಿದ್ದ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟ.

"ಅವ್ವಾರ, ಇಷ್ಟು ವರ್ಷ ಈ ಹೊಟ್ಟಿ ಅಳದೇನಿ. ಇದು ಮೈ ಅಲ್ಲರಿ, ಬಾವು. ಲಗೂನ ದವಾಖಾನಿಗೆ ಒಯ್ರಿ."

ಮಿರಜಿನ ಸರ್ಜನ್ನರು ಮರಾಠಿಯಲ್ಲಿ ಹೇಳಿದ್ದನ್ನು ನಾನೇ ಕನ್ನಡ ಮಾಡಿ ಹೇಳಿದೆ: ಗಡ್ಡೆ ಕರುಳನ್ನು ಮುಕ್ಕಾಲು ಮುಚ್ಚಿದೆ, ತೆಗೆಯಬಹುದು, ಆದರೆ ಈ ಹೊಟ್ಟೆ ದಾಟಿ ಅಲ್ಲಿಗೆ ಮುಟ್ಟುವುದೇ ಗಂಡಾಂತರ. ಉಡದಾರವನ್ನು ಕತ್ತರಿಸಿಯೇ ತೆಗೆಯಬೇಕಾಯಿತು. "ಅದ ಹೋದ ಮ್ಯಾಲೆ ನನ್ನ ಹಿಡದಿಡಾಂವ ಯಾರೋ?" ಎಂದು ಮಾಮಾ ನಕ್ಕರು. ಅವರ ಕೈ ಮಾತ್ರ ನನ್ನ ಅಂಗಿಯ ತೋಳನ್ನು ಬಿಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸರ್ಜನ್ನರು ಬೆವರಿನಲ್ಲಿ ತೊಯ್ದು ಹೊರಬಂದರು. "ನಿಮ್ಮ ಕಡೆ ಬಾವಿ ತೋಡುತ್ತಾರಲ್ಲ, ಹಾಗೆ ಇಳಿದೆ. ಗಡ್ಡೆ ಬಂತು" ಎಂದರು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡಿದೆ. ಸಾಧಾರಣ ಕೈ, ತುಸು ಕುಳ್ಳ ಬೆರಳು. ಅತ್ತಿಯೂ ಕಾಣದ ಮಾಮಾನ ಆಳಕ್ಕೆ ಇಳಿದು, ಅಲ್ಲಿ ಹೊಲಿಗೆ ಹಾಕಿ ಬಂದ ಕೈ. ನಮಸ್ಕಾರ ಮಾಡಲು ಹೋಗಿ ನನ್ನ ಟೊಪ್ಪಿಗೆ ಬಿತ್ತು.

ಎಂಟನೆಯ ದಿನ ಮೇಲಿನ ಹೊಲಿಗೆ ಬಿಚ್ಚಿತು. ಕೊಬ್ಬು ದಾರವನ್ನು ಹಿಡಿಯುವುದಿಲ್ಲವಂತೆ, ಕೀವು ಬಂತು. ನನ್ನ ಮುಷ್ಟಿ ಹಿಡಿಸುವಷ್ಟು ಗಾಯ. ಮತ್ತೆ ಹೊಲಿಯುವಂತಿಲ್ಲ, ತಳದಿಂದಲೇ ತುಂಬಿ ಬರಬೇಕು ಎಂದರು ಸರ್ಜನ್ನರು. ಅದನ್ನು ಹೇಳಿದಾಗ ಮಾಮಾ, "ಅದಕ್ಕೇನು, ಬಾವ್ಯಾಗಿನ ಸೆಲಿ ಯಾವಾಗ್ಲೂ ತಳದಾಗಿಂದನ ಬರತೈತಿ" ಎಂದು ಗೋಡೆಯ ಕಡೆ ಹೊರಳಿದರು. ಎರಡು ತಿಂಗಳು ದಿನಾ ಪಟ್ಟಿ ಬಿಚ್ಚಿದಾಗ ನೋಡುತ್ತಿದ್ದೆ. ಕೆಂಪು ಮಾಂಸ ಜೋಳದ ಕಾಳಿನಷ್ಟು, ಅದಕ್ಕೂ ಕಡಿಮೆ, ಮೇಲೇರುತ್ತಿತ್ತು. ಬಾವಿಯಲ್ಲಿ ನೀರು ಏರುವುದನ್ನು ಕಂಡಿದ್ದೆ. ಮನುಷ್ಯ ತನ್ನೊಳಗಿನಿಂದ ತಾನೇ ಏರಿ ಬರುವುದನ್ನು ಕಂಡಿರಲಿಲ್ಲ.

ಗಾಯ ತುಂಬಿ ಮಾಮಾ ಊರಿಗೆ ಬಂದಾಗ ಹೊಟ್ಟೆ ಕರಗಿತ್ತು. ಆ ದೀಪಾವಳಿಗೆ ಪತ್ತಾರ ಕತ್ತರಿಸಿದ ಉಡದಾರ ಕೂಡಿಸಿ, ಹೆಚ್ಚಾದ ಕೊಂಡಿ ತೆಗೆಯಲು ಬಂದ. ಒಂದೊಂದು ಬಿಚ್ಚಿದಾಗಲೂ ಅತ್ತಿ ಸೆರಗಿನಿಂದ ಕಣ್ಣೊರೆಸಿದಳು. ಹನ್ನೊಂದಾದವು. ಉಳಿದದ್ದನ್ನು ಕಟ್ಟಿಕೊಂಡು ಮಾಮಾ ತಲೆ ಬಾಗಿಸಿದರು, ಬಾಗಿಸಿದವರು ಹಾಗೇ ಉಳಿದರು.

"ಏ ಪತ್ತಾರ! ಎಷ್ಟು ಚಂದ ಮಾಡೀಯೋ ಇದನ್ನ! ನಾ ನೋಡೇ ಇರಲಿಲ್ಲಲ್ಲೋ!"

ಆಮೇಲೆ ಆರು ದೀಪಾವಳಿ ಕಂಡರು. ಬಿಚ್ಚಿದ ಕೊಂಡಿಗಳನ್ನು ಅಂದೇ ನನ್ನ ಕೈಯಲ್ಲಿ ಸುರುವಿ, "ನೀನೂ ಬೆರಳಿಟ್ಟು ನೋಡಿದಾಂವ ಅಲ್ಲೇನು? ಇಟಗೋ" ಎಂದಿದ್ದರು.

ಕೊಂಡಿಗಳನ್ನು ಡಬ್ಬಿಗೆ ತುಂಬುತ್ತ, ನನಗೇ ತಿಳಿಯದೆ ಧೋತರದ ಗಂಟಿನೊಳಗೆ ಎರಡು ಬೆರಳು ತೂರಿಸಿದ್ದೆ. ಬಿಗಿ ಇತ್ತು. ನಾಚಿ ಕೈ ತೆಗೆದೆ.

ಮರುದಿನ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿದ್ದೆ.

"ಯಾಕ್ರಿ ಅಜ್ಜಾರ, ಮತ್ತ ಬಂದ್ರಿ?"

"ಮೂರು ವಾರಾತು, ರಕ್ತ ಹೊಂಟೈತವಾ" ಎಂದೆ.