ಹಳದಿ ದೇಶದ ಗಿಡಗಳು

ಮೇಸ್ತ್ರಿಯವರ ರೆಪ್ಪೆಗಳಲ್ಲಿ ಯಾವಾಗಲೂ ಮರಳಿರುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ತಲೆ ಸ್ವಲ್ಪ ಬಾಗಿಸಿ, ತಾನಾಗಿ ಉದುರಲು ಬಿಡುತ್ತಿದ್ದರು. ಬೊಮ್ಮನಹಾಳ್ ಕಡೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಊರುಗಳ ಮೇಲೆ ಬರುತ್ತದೆ. ಅದನ್ನು ತಡೆಯಲು ನಮ್ಮ ಕೇರಿಯ ಪಡುವಣಕ್ಕೆ ಗಿಡ ನೆಡುವ ಯೋಜನೆ ಬಂತು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅವರು ಅದಕ್ಕೆ ಮೇಸ್ತ್ರಿಯಾದರು. ನಾನು ಅವರ ಕೈಕೆಳಗೆ ನೀರು ಹೊರುವ ಕೂಲಿಗೆ ಸೇರಿದೆ.

ಹಣ ನಾಲ್ಕು ಶ್ರೀಮಂತ ದೇಶಗಳದು. ಯಾರ ಪಾಲು ಎಲ್ಲಿಯವರೆಗೆ ಎಂದು ಕಾಣಲೆಂದು ಕಚೇರಿಯವರು ಒಂದೊಂದು ದೇಶದ ಗಿಡಗಳ ಸುತ್ತ ಒಂದೊಂದು ಬಣ್ಣದ ಗೂಟ ನೆಡಿಸಿದ್ದರು. ಆ ದೇಶಗಳ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ನೀಲಿ ದೇಶ, ಕೆಂಪು ದೇಶ ಎನ್ನುತ್ತಿದ್ದೆವು. ನಮ್ಮಿಬ್ಬರ ಮನೆಗಳ ಎದುರಿಗೆ ಇದ್ದದ್ದು ಹಳದಿ ದೇಶ.

ಎರಡನೆಯ ಬೇಸಿಗೆಗೆ ಹಳದಿ ದೇಶ ಹಣ ನಿಲ್ಲಿಸಿತು. ಅಲ್ಲಿ ಸರ್ಕಾರ ಬದಲಾಯಿತಂತೆ. ಆ ಗಿಡಗಳ ನೀರಿನ ಟ್ಯಾಂಕರ್ ಕೂಡ ನಿಂತಿತು. ಕೂಲಿ ಹೆಂಗಸೊಬ್ಬಳು ಮೇಸ್ತ್ರಿಯವರನ್ನು ಕೆಣಕಿದಳು:

"ಏನ್ರಿ, ನಿಮ್ಮ ಹಳದಿ ದೇಶ ಮುನಿಸ್ಕೊಂಡು ತವರಿಗೆ ಹೋತಂತಲ್ಲ?"

"ಹೋಗ್ಲಿ ಬಿಡವಾ. ಬರೋತನಕ ಮಕ್ಕಳಿಗೆ ನೀರು ಕುಡಸ್ಬೇಕಲ್ಲ," ಎಂದರು.

ಉಳಿದ ಮೂರು ದೇಶಗಳವರು ಗಿಡ ನೋಡಲು ಬಂದಾಗ ಮೇಸ್ತ್ರಿಯವರು ದುಭಾಷಿಯ ಮೂಲಕ ಊರಮ್ಮನ ಪೂಜೆಯ ವಂತಿಗೆಯ ವಿಷಯ ಹೇಳಿದರು. "ಒಂದ್ ಮನಿ ಬೀಗ ಹಾಕಿದ್ರ, ಆ ಮನಿ ವಂತಿಗಿ ಉಳಿದ ಮನ್ಯಾರು ಹಂಚ್ಕೋತೀವ್ರಿ. ಹೇಳೂದಿಲ್ಲ, ಆಡೂದಿಲ್ಲ. ಪೂಜಿ ನಿಂದರಬಾರದಲ್ರಿ."

ಬಂದವರಿಗೆ ಮಾತು ಬಹಳ ಹಿಡಿಸಿತು. ಇನ್ನೊಮ್ಮೆ ಹೇಳಿಸಿಕೊಂಡರು. ಆದರೆ ತಮ್ಮ ಪಾಲೇ ಉಳಿದವರಿಗಿಂತ ಹೆಚ್ಚಾಗಿದೆ ಎಂದು ಪ್ರತಿ ದೇಶವೂ ಹೇಳುತ್ತಿದೆಯಂತೆ. ಯಾರು ಎಷ್ಟು ಕೊಡಬೇಕೆಂಬುದು ಮೊದಲು ತೀರ್ಮಾನವಾಗಲಿ, ಆಮೇಲೆ ನೋಡೋಣ ಎಂದು ಹೋದರು.

ಮೇಸ್ತ್ರಿಯವರು ಕಾಯಲಿಲ್ಲ. ಮೂರು ದೇಶಗಳ ನೀರಿನಿಂದಲೂ ಒಂದಿಷ್ಟು ಬಿಂದಿಗೆ ತೆಗೆಸಿ ಹಳದಿ ಗೂಟಗಳ ಒಳಗೆ ಹಾಕಿಸಿದರು. ಮೊದಲು ನಮ್ಮ ಮನೆ ಎದುರಿನ ಹೊಂಗೆಗಳಿಗೆ; ಉಳಿದರೆ ತಮ್ಮ ಮನೆ ಎದುರಿನವಕ್ಕೆ. ಉಳಿಯುತ್ತಿರಲಿಲ್ಲ.

"ನಿಮ್ಮ ಮನಿ ಮುಂದಿನವು ಒಣಗಾಕ್ಹತ್ಯಾವಲ್ರಿ," ಎಂದೆ.

"ಹಂಚೋನು ತನ್ನ ಪಾಲು ಕಡೀಗೆ ತಗೀಬೇಕು ತಂಗೀ. ಮೊದಲ ತಗಂಡ್ರ ಯಾರು ನಂಬ್ತಾರ?"

ಅಷ್ಟರಲ್ಲಿ ಕಚೇರಿಗೆ ಸುದ್ದಿ ಹೋಯಿತು. ಒಂದು ದೇಶದ ನೀರನ್ನು ಇನ್ನೊಂದು ದೇಶದ ಗಿಡಕ್ಕೆ ಹಾಕಿದ್ದು ತಪ್ಪೆಂದು ಅವರನ್ನು ಕೆಲಸದಿಂದ ತೆಗೆದರು. ನಮ್ಮ ಮನೆ ಎದುರಿನ ಹೊಂಗೆಗಳು ಆಗಲೇ ಬೇರು ಹಿಡಿದಿದ್ದವು. ಅವರ ಮನೆ ಎದುರಿನವು ಕಡ್ಡಿಯಾಗಿದ್ದವು.

ಆಷಾಢದ ಗಾಳಿ ಎದ್ದಿತು. ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಮರಳು ಸದ್ದಿಲ್ಲದೆ ಬಂತು. ಅವರ ಮನೆ ಎದುರಿನ ಗೂಟಗಳಲ್ಲಿ ಹಳದಿ ತುದಿಗಳಷ್ಟೇ ಉಳಿದವು. ಒಂದು ಬೆಳಗ್ಗೆ ಚಹಾ ಕೊಡಲು ಹೋದೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ಬಾಗಿಲು ತಳ್ಳಿ ಒಳಗೆ ಹೋದರೆ ನೆಲವೆಲ್ಲ ಮರಳು, ಬೋರಲು ಹಾಕಿದ್ದ ಊಟದ ಗಂಗಾಳದ ಅಡಿಯಲ್ಲೂ ಮರಳು. ಚಾಪೆಯ ಮೇಲೆ ಮಾತ್ರ ಅವರು ಮಲಗಿ ಎದ್ದ ಆಕಾರದಷ್ಟು ಜಾಗ ಬರಿದಾಗಿತ್ತು: ತಲೆ, ಭುಜ, ಮಡಿಸಿದ ಮೊಣಕಾಲು. ಮೇಸ್ತ್ರಿಯವರು ಅದರ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ನಮ್ಮ ಮನೆಗೆ ಬರ್ರಿ ಎಂದೆ. ಬರಲಿಲ್ಲ. ಕೆಮ್ಮು ಹೆಚ್ಚಾಗಿ ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಅಲ್ಲೇ ತೀರಿಕೊಂಡರು.

ಹೊಂಗೆಗಳು ಈಗ ನಮ್ಮ ಸೂರಿಗಿಂತ ಎತ್ತರವಾಗಿವೆ. ನಮ್ಮ ಅಂಗಳದಲ್ಲಿ ಮರಳಿಲ್ಲ. ಗಾಳಿ ಬೀಸಿದ ಮಧ್ಯಾಹ್ನ ಅಡುಗೆ ಮಾಡುತ್ತಿದ್ದರೆ ನಡುಗೋಡೆಯ ಆಚೆಯಿಂದ, ಯಾರೋ ನಿಧಾನವಾಗಿ ಮಣ್ಣಿನ ವಾಡೆಗೆ ಕಾಳು ತುಂಬಲು ಸುರಿಯುತ್ತಿರುವಂತೆ ಸದ್ದು ಕೇಳುತ್ತದೆ. ಒಲೆಯ ಮುಂದೆ ಹಾಗೇ ಕೂತಿರುತ್ತೇನೆ. ಹೊಂಗೆಗೆ ಬಡಿದ ಗಾಳಿ ಪಕ್ಕಕ್ಕೆ ಹೊರಳುತ್ತದೆ. ನಮ್ಮ ಪಾಲಿನ ಮರಳೂ ಅವರ ಮನೆಗೇ ಹೋಗುತ್ತಿದೆ.